ಎಸ್‌ಯುವಿಗೆ ವಿಂಟರ್ ಟೈರೋ, ಆಲ್ ಸೀಸನ್ನೋ? ನಾವು ಆರಿಸಿದ ಬಗೆ

ನಮ್ಮ ಮನೆಯಲ್ಲಿ ಈ ವಿಷಯಕ್ಕೆ ಎರಡು ಪಕ್ಷ ಇದ್ದವು. ಕಾರಿನ ಜೊತೆ ಬಂದ ಆಲ್ ಸೀಸನ್ ಟೈರೇ ಸಾಕು ಅನ್ನುವುದು ನನ್ನ ಗಂಡನ ಪಕ್ಷ. ಚಳಿಗಾಲಕ್ಕೆ ಬೇರೆ ಟೈರು ಬೇಕು ಅನ್ನುವುದು ನನ್ನದು. ಆಗ ಇಬ್ಬರಿಗೂ ಗೊತ್ತಿದ್ದದ್ದು ಅಷ್ಟಕ್ಕಷ್ಟೇ. ಅವರ ವಾದಕ್ಕೆ ಆಧಾರ ಟೈರಿನ ಮೇಲಿದ್ದ ಎರಡು ಅಕ್ಷರ. ನನ್ನ ವಾದಕ್ಕೆ ಆಧಾರ ನನ್ನ ಹೆದರಿಕೆ.

"ನೋಡೇ ಇಲ್ಲಿ, ಎಂ ಪ್ಲಸ್ ಎಸ್ ಅಂತ ಬರೆದಿದೆ. ಕೆಸರಿಗೂ ಆಯ್ತು, ಹಿಮಕ್ಕೂ ಆಯ್ತು. ಅದರ ಮೇಲೆ ನಾಲ್ಕೂ ಚಕ್ರಕ್ಕೆ ಪವರ್ ಹೋಗುತ್ತೆ. ಇನ್ನೇನು ಬೇಕು ನಿಂಗೆ?"

"ಹೊರಡೋಕೆ ಸಾಕು ರೀ. ನಿಲ್ಲೋಕೆ?"

ಈ ಪ್ರಶ್ನೆ ನನ್ನ ಸ್ವಂತದ್ದಲ್ಲ. ಆಸ್ಪತ್ರೆಯಲ್ಲಿ ನನ್ನ ಜೊತೆ ಕೆಲಸ ಮಾಡುವ ಹಿರಿಯ ನರ್ಸ್ ಒಬ್ಬರು ಹೇಳಿದ್ದು. ಹಿಮ ಬಿದ್ದ ದಿನ ರಸ್ತೆ ಪಕ್ಕದ ಹಳ್ಳದಲ್ಲಿ ಎಷ್ಟೊಂದು ಎಸ್‌ಯುವಿ ಇರುತ್ತವೆ ಗಮನಿಸು ಅಂದಿದ್ದರು. ಫೋರ್ ವೀಲ್ ಡ್ರೈವ್ ಇರುವ ಗಾಡಿ ಸಲೀಸಾಗಿ ಹೊರಡುತ್ತದೆ, ಸಲೀಸಾಗಿ ವೇಗ ಹಿಡಿಯುತ್ತದೆ. ರಸ್ತೆ ಎಷ್ಟು ಜಾರುತ್ತಿದೆ ಅನ್ನುವುದು ಓಡಿಸುವವರಿಗೆ ತಿಳಿಯುವುದೇ ಇಲ್ಲ. ತಿಳಿಯುವುದು ಬ್ರೇಕ್ ತುಳಿದಾಗ. ಬ್ರೇಕು ಎಲ್ಲಾ ಕಾರುಗಳಲ್ಲೂ ನಾಲ್ಕು ಚಕ್ರಕ್ಕೇ ಇರುತ್ತದೆ ಅಲ್ವಾ? ಅಲ್ಲಿ ಎಸ್‌ಯುವಿಗೆ ಹೆಚ್ಚುಗಾರಿಕೆ ಏನೂ ಇಲ್ಲ. ತಿರುವಿನಲ್ಲಂತೂ ಅದರ ಎತ್ತರ ಮತ್ತು ತೂಕ ಇನ್ನಷ್ಟು ಕಷ್ಟ ಕೊಡುತ್ತವೆ.

ಗಂಡನಿಗೆ ಲೆಕ್ಕ ಬೇಕು. ಬರೀ ಮಾತಿಗೆ ಒಪ್ಪುವವರಲ್ಲ. ಸರಿ ಅಂತ ಇಬ್ಬರೂ ಕೂತು ಹಾಳೆಯ ಮೇಲೆ ಲೆಕ್ಕ ಹಾಕಿದೆವು. ಕಾರು ಗಂಟೆಗೆ 50 ಕಿ.ಮೀ. ವೇಗದಲ್ಲಿದೆ ಅಂದುಕೊಳ್ಳಿ. ಒಣ ಡಾಂಬರಿನ ಮೇಲೆ ಟೈರಿನ ಹಿಡಿತ (ಭೌತಶಾಸ್ತ್ರದಲ್ಲಿ ಘರ್ಷಣೆಯ ಗುಣಾಂಕ ಅನ್ನುತ್ತಾರಲ್ಲ, ಅದು) 0.8ರಷ್ಟಿದ್ದರೆ, ಬ್ರೇಕ್ ಹಿಡಿದ ಜಾಗದಿಂದ ಸುಮಾರು 12 ಮೀಟರಿನಲ್ಲಿ ಕಾರು ನಿಲ್ಲುತ್ತದೆ. ತುಳಿದು ಗಟ್ಟಿಯಾದ ಹಿಮದ ಮೇಲೆ ಹಿಡಿತ 0.3 ಇದ್ದರೆ 33 ಮೀಟರ್ ಬೇಕು. ಅದೇ ಹಿಡಿತ 0.2ಕ್ಕೆ ಇಳಿದರೆ 49 ಮೀಟರ್. ಒದ್ದೆ ಐಸಿನ ಮೇಲೆ 0.1 ಅಂದರೆ 98 ಮೀಟರ್. ಕಾರಿನ ತೂಕ ಈ ಲೆಕ್ಕದಲ್ಲಿ ಬರುವುದೇ ಇಲ್ಲ. "ಗಾಡಿ ಭಾರ ಇದೆ, ರಸ್ತೆಗೆ ಕಚ್ಚಿಕೊಳ್ಳುತ್ತೆ" ಅನ್ನುವ ಮಾತಿಗೆ ಅರ್ಥವಿಲ್ಲ. ಭಾರ ಹೆಚ್ಚಿದಷ್ಟೂ ನಿಲ್ಲಿಸಬೇಕಾದ ಭಾರವೂ ಹೆಚ್ಚು.

0.2 ಮತ್ತು 0.3ರ ನಡುವೆ 16 ಮೀಟರ್ ಇದೆ. ನಮ್ಮ ಕಾರಿನಂಥ ಮೂರು ಕಾರು ಸಾಲಾಗಿ ನಿಲ್ಲಿಸಿದರೂ ಇನ್ನೂ ಜಾಗ ಉಳಿಯುತ್ತದೆ. ಸಿಗ್ನಲ್ಲಿನಲ್ಲಿ ನಿಲ್ಲುವುದಕ್ಕೂ ಮುಂದಿನ ಕಾರಿಗೆ ಹೋಗಿ ಗುದ್ದುವುದಕ್ಕೂ ಇರುವ ವ್ಯತ್ಯಾಸ ಅಷ್ಟೇ. ವೇಗದ ಪಾತ್ರ ಇನ್ನೂ ದೊಡ್ಡದು. 50ರ ಬದಲು 60ರಲ್ಲಿ ಹೋದರೆ ನಿಲ್ಲುವ ದೂರ ಶೇಕಡಾ 44 ಜಾಸ್ತಿ. ಅಂದರೆ ಒಳ್ಳೆಯ ಟೈರು ಹಾಕಿ ಸ್ವಲ್ಪ ಜೋರಾಗಿ ಓಡಿಸಿದರೆ ಟೈರಿನ ಲಾಭವೆಲ್ಲ ಅಲ್ಲೇ ಖರ್ಚು. ಇದನ್ನು ನಾನು ಹೇಳಲಿಲ್ಲ, ಅವರೇ ಹೇಳಿದರು. ವಾದ ಬಿಟ್ಟುಕೊಡದವರಾದರೂ ಲೆಕ್ಕಕ್ಕೆ ಮೋಸ ಮಾಡುವವರಲ್ಲ.

ಇದಾದ ಮೇಲೆ ಟೈರಿನ ಬಗ್ಗೆ ಓದುತ್ತಾ ಹೋದೆ. ಮೊದಲು ಕೈಗೆ ಸಿಕ್ಕಿದ್ದು ಆ ಎಂ ಪ್ಲಸ್ ಎಸ್ ವಿಚಾರ. ಆ ಗುರುತು ಹಾಕಿಕೊಳ್ಳಲು ಯಾವ ಪರೀಕ್ಷೆಯನ್ನೂ ಪಾಸಾಗಬೇಕಿಲ್ಲ. ಟೈರಿನ ಮೇಲ್ಮೈಯ ಗೆರೆಗಳ ವಿನ್ಯಾಸ ನೋಡಿ ತಯಾರಕರೇ ಹಾಕಿಕೊಳ್ಳುವ ಗುರುತು ಅದು. ಹಿಮದ ಮೇಲೆ ಓಡಿಸಿ ನೋಡಿ ಕೊಡುವ ಗುರುತೇ ಬೇರೆ: ಮೂರು ಶಿಖರದ ಬೆಟ್ಟ, ಅದರೊಳಗೆ ಒಂದು ಹಿಮದ ಹರಳು. 1999ರಲ್ಲಿ ಅಮೆರಿಕ ಮತ್ತು ಕೆನಡಾದ ಟೈರು ತಯಾರಕರು ಇದನ್ನು ತಂದರು. ಗಟ್ಟಿ ಹಿಮದ ಮೇಲೆ ಒಂದು ಮಾದರಿ ಟೈರಿಗಿಂತ ಇಷ್ಟು ಪಾಲು ಜಾಸ್ತಿ ಹಿಡಿತ ತೋರಿಸಿದರೆ ಮಾತ್ರ ಈ ಗುರುತು ಸಿಗುತ್ತದೆ. ಜರ್ಮನಿಯಲ್ಲಿ 2024ರ ಅಕ್ಟೋಬರಿನಿಂದ ಬರೀ ಎಂ ಪ್ಲಸ್ ಎಸ್ ಇರುವ ಟೈರನ್ನು ಚಳಿಗಾಲದ ಟೈರೆಂದು ಒಪ್ಪುವುದೇ ಇಲ್ಲ. ಬೆಟ್ಟದ ಗುರುತು ಇರಲೇಬೇಕು. ಕೆನಡಾದ ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರು ಕಡ್ಡಾಯ.

ಗಂಡನಿಗೆ ಈ ಭಾಗ ಓದಿ ಹೇಳಿದೆ. ಎದ್ದು ಹೋಗಿ ಟಾರ್ಚ್ ಹಿಡಿದು ನಾಲ್ಕೂ ಟೈರಿನ ಸುತ್ತ ಹುಡುಕಿ ಬಂದರು. ಬೆಟ್ಟ ಎಲ್ಲೂ ಸಿಗಲಿಲ್ಲ.

ಆದರೆ ಬೆಟ್ಟದ ಗುರುತಿಗೂ ಒಂದು ಮಿತಿ ಇದೆ. ಉತ್ತರ ಅಮೆರಿಕದಲ್ಲಿ ಅದಕ್ಕಾಗಿ ಮಾಡುವ ಪರೀಕ್ಷೆ ಟೈರು ಹಿಮದ ಮೇಲೆ ಮುಂದಕ್ಕೆ ಎಳೆಯುವ ಶಕ್ತಿಯನ್ನು ಅಳೆಯುತ್ತದೆ. ಐಸಿನ ಮೇಲೆ ಬ್ರೇಕ್ ಹೇಗೆ ಹಿಡಿಯುತ್ತದೆ ಅನ್ನುವುದು ಅದರಲ್ಲಿ ಬರುವುದಿಲ್ಲ. ಯುರೋಪಿನ ಟೈರು ಲೇಬಲ್ಲಿನಲ್ಲಿ 2021ರ ಮೇ ತಿಂಗಳಿನಿಂದ ಐಸಿಗೇ ಒಂದು ಬೇರೆ ಗುರುತು ಬಂದಿದೆ. ಹಿಮ ಬೇರೆ, ಐಸ್ ಬೇರೆ. ಇದು ಚಳಿ ನಾಡಿನಲ್ಲಿ ಓಡಿಸಿದವರಿಗೆಲ್ಲ ಗೊತ್ತು, ಟೈರು ಕೊಳ್ಳುವಾಗ ಮಾತ್ರ ಮರೆತುಹೋಗುತ್ತದೆ.

ರಬ್ಬರಿನ ವಿಷಯಕ್ಕೆ ಬರೋಣ, ಯಾಕೆಂದರೆ ವ್ಯತ್ಯಾಸದ ಬೇರು ಅಲ್ಲಿದೆ. ವರ್ಷಗಟ್ಟಲೆ ಪೆಟ್ಟಿಗೆಯಲ್ಲಿ ಬಿದ್ದು ಗಟ್ಟಿಯಾದ ಅಳಿಸುವ ರಬ್ಬರು ಕಾಗದದ ಮೇಲೆ ಕಚ್ಚದೆ ಜಾರುತ್ತದಲ್ಲ, ಸಾಮಾನ್ಯ ಟೈರಿಗೆ ಚಳಿಯಲ್ಲಿ ಆಗುವುದು ಅದೇ. ತಾಪಮಾನ ಇಳಿದಂತೆ ರಬ್ಬರು ಬಿಗಿಯುತ್ತದೆ. ರಸ್ತೆಯ ಸಣ್ಣ ಸಣ್ಣ ಉಬ್ಬುತಗ್ಗುಗಳೊಳಗೆ ಇಳಿಯುವುದನ್ನು ಬಿಡುತ್ತದೆ. ವಿಂಟರ್ ಟೈರಿನ ರಬ್ಬರನ್ನು ಸಿಲಿಕಾ ಬೆರೆಸಿ, ಬೇರೆ ಪಾಕದಲ್ಲಿ ಮಾಡಿರುತ್ತಾರೆ. ಸೊನ್ನೆಗಿಂತ ಬಹಳ ಕೆಳಗೂ ಅದು ಮೆತ್ತಗೇ ಉಳಿಯುತ್ತದೆ. ಇದಕ್ಕಿಂತ ಕೆಳಗಿಳಿದರೆ ವಿಂಟರ್ ಟೈರು ಹಾಕಿ ಅಂತ ಎಲ್ಲ ಕಡೆ ಹೇಳುವ 7 ಡಿಗ್ರಿ ಸೆಲ್ಸಿಯಸ್ ಅನ್ನುವುದು ಇಲ್ಲಿಂದ ಬಂದದ್ದು. ಅದು ಒಂದು ಅಂದಾಜು ಅಷ್ಟೇ. 8 ಡಿಗ್ರಿಯಲ್ಲಿ ಚೆನ್ನಾಗಿದ್ದ ಟೈರು 6 ಡಿಗ್ರಿಗೆ ಕೈಕೊಡುವುದಿಲ್ಲ. ಒಣ ರಸ್ತೆಯಾಗಿದ್ದರೆ 4-5 ಡಿಗ್ರಿಯಲ್ಲೂ ಒಳ್ಳೆಯ ಆಲ್ ಸೀಸನ್ ಟೈರು ನೆಟ್ಟಗೆ ನಿಲ್ಲುತ್ತದೆ. ಗೋಡೆಯ ಥರ್ಮಾಮೀಟರ್ ನೋಡಿ ಗಾಬರಿಯಾಗಬೇಕಿಲ್ಲ.

ರಬ್ಬರಿನ ಜೊತೆ ಎರಡನೆಯದು ಗೆರೆಗಳು. ವಿಂಟರ್ ಟೈರನ್ನು ಹತ್ತಿರದಿಂದ ನೋಡಿದರೆ ಪ್ರತಿ ಗುಬುಟಿನ ಮೇಲೂ ಬ್ಲೇಡಿನಿಂದ ಕೊಯ್ದಂಥ ಅಂಕುಡೊಂಕು ಗೀರುಗಳು ಕಾಣುತ್ತವೆ. ಚಕ್ರ ಉರುಳುವಾಗ ಇವು ಬಾಯಿ ತೆರೆದು ಅಂಚುಗಳಿಂದ ನೆಲವನ್ನು ಹಿಡಿಯುತ್ತವೆ. ದೊಡ್ಡ ಗೆರೆಗಳು ಹಿಮವನ್ನು ತುಂಬಿಕೊಳ್ಳುತ್ತವೆ. ತುಂಬಿಕೊಂಡದ್ದು ಒಳ್ಳೆಯದೇ. ಹಿಮಕ್ಕೆ ರಬ್ಬರಿಗಿಂತ ಹಿಮವೇ ಚೆನ್ನಾಗಿ ಅಂಟುತ್ತದೆ.

ಐಸಿನ ಕಥೆ ಇನ್ನೊಂದು ತರಹ. ಮೈನಸ್ 20ರ ಐಸಿಗಿಂತ ಸೊನ್ನೆಯ ಆಸುಪಾಸಿನ ಐಸೇ ಹೆಚ್ಚು ಅಪಾಯ. ಮೇಲೆ ನೀರಿನ ತೆಳು ಪದರ ನಿಂತಿರುತ್ತದೆ, ಜಾರಿಸುವುದು ಅದೇ. ಇದನ್ನು ಗೆಲ್ಲಲು ಹಿಂದೆ ಟೈರಿಗೆ ಲೋಹದ ಮೊಳೆ ಹೊಡೆಯುತ್ತಿದ್ದರು. ಈಗಲೂ ಉತ್ತರ ಯುರೋಪಿನಲ್ಲಿ ಅದು ಸಾಮಾನ್ಯ. ಜಪಾನಿನಲ್ಲಿ ಮಾತ್ರ ಆ ಮೊಳೆಗಳು ರಸ್ತೆಯನ್ನು ಕೆರೆದು ಎಬ್ಬಿಸುವ ದೂಳು ಊರೂರಿಗೆ ದೊಡ್ಡ ಕಾಟವಾಗಿ, 1990ರಲ್ಲಿ ಅದರ ವಿರುದ್ಧ ಕಾನೂನೇ ಬಂತು. ಬ್ರಿಜ್‌ಸ್ಟೋನ್ ಕಂಪನಿ 1988ರಲ್ಲಿ ತಂದ ಬ್ಲಿಜಾಕ್ ಟೈರಿನ ರಬ್ಬರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿದ್ದವು. ಐಸಿನ ಮೇಲಿನ ನೀರನ್ನು ಅವು ಹೀರಿಕೊಳ್ಳುತ್ತವೆ. ಮೊಳೆಯಿಲ್ಲದೆ ಐಸ್ ಹಿಡಿಯುವ ಟೈರುಗಳು ಇಷ್ಟು ಮುಂದುವರಿದದ್ದರ ಹಿಂದೆ ಆ ದೂಳಿನ ಗಲಾಟೆಯೂ ಇದೆ. ಚಳಿಗಾಲದ ಟೈರು ಇದಕ್ಕಿಂತ ಎಷ್ಟೋ ಹಳೆಯದು. ಈಗ ನೋಕಿಯನ್ ಅನ್ನುವ ಫಿನ್ಲೆಂಡಿನ ಕಂಪನಿ 1934ರಲ್ಲೇ ಲಾರಿಗಳಿಗೆಂದು ಮಾಡಿತ್ತು.

ಮೊಳೆಯ ಟೈರು ನಮಗೆ ಬೇಡ ಅಂತ ಬೇಗ ತೀರ್ಮಾನವಾಯಿತು. ನಾನು ಓಡಾಡುವ ದೊಡ್ಡ ರಸ್ತೆಗಳಿಗೆ ಉಪ್ಪು ಹಾಕುತ್ತಾರೆ, ಬಹಳ ದಿನ ಕಪ್ಪು ಡಾಂಬರೇ ಕಾಣುತ್ತಿರುತ್ತದೆ. ಬರಿಯ ಡಾಂಬರಿನ ಮೇಲೆ ಮೊಳೆಯ ಸದ್ದು ಕಿವಿ ಕೊರೆಯುತ್ತದೆ. ಬ್ರೇಕೂ ಅಷ್ಟಕ್ಕಷ್ಟೆ.

ಆಮೇಲೆ ಗಂಡ ಒಂದು ರಾಜಿ ಸೂತ್ರ ತಂದರು. ಆಲ್ ವೆದರ್ ಟೈರು. ಇದು ಆಲ್ ಸೀಸನ್ ಅಲ್ಲ. ವರ್ಷವಿಡೀ ಹಾಕಿಕೊಂಡಿರಬಹುದು, ಬೆಟ್ಟದ ಗುರುತೂ ಇರುತ್ತದೆ. ಅಮೆರಿಕದ ಕಡೆ ಇದನ್ನು ಹೀಗೆ ಬೇರೆ ಹೆಸರಿನಲ್ಲಿ ಮಾರುತ್ತಾರೆ. ಯುರೋಪಿನಲ್ಲಿ ಆಲ್ ಸೀಸನ್ ಅಂದರೇ ಸಾಮಾನ್ಯವಾಗಿ ಬೆಟ್ಟದ ಗುರುತಿನ ಟೈರು. ಆದ್ದರಿಂದ ಹೆಸರು ನೋಡಿ ಕೊಳ್ಳಬಾರದು, ಗುರುತು ನೋಡಿ ಕೊಳ್ಳಬೇಕು. 1977ರಲ್ಲಿ ಗುಡ್‌ಇಯರ್ ತನ್ನ ಟಿಯೆಂಪೋ ಟೈರಿನಿಂದ ಆಲ್ ಸೀಸನ್ ಅನ್ನುವುದನ್ನು ಜನಪ್ರಿಯ ಮಾಡಿದಾಗಿನಿಂದ ಈ ಜಾತಿ ಬಹಳ ಬದಲಾಗಿದೆ. 2015ರಲ್ಲಿ ಮಿಶೆಲಿನ್‌ನ ಕ್ರಾಸ್‌ಕ್ಲೈಮೇಟ್ ಬಂದ ಮೇಲಂತೂ ಬೇಸಿಗೆ ಟೈರಿನ ಗುಣ ಇಟ್ಟುಕೊಂಡೇ ಹಿಮದ ಗುರುತು ಪಡೆಯಬಹುದು ಅನ್ನುವುದು ಸಾಬೀತಾಯಿತು.

ರಾಜಿ ಸೂತ್ರ ಅಂತ ತಮಾಷೆಗೆ ಹೇಳಿದೆ. ನಿಜವಾಗಿ ಅದು ತಳ್ಳಿಹಾಕುವಂಥ ಮಾತಲ್ಲ. ವರ್ಷಕ್ಕೆ ಎರಡು ಸಲ ಟೈರು ಬದಲಿಸುವ ರಗಳೆ ಇಲ್ಲ. ಬಿಚ್ಚಿದ ನಾಲ್ಕು ಟೈರು ಎಲ್ಲಿಡಬೇಕು ಅನ್ನುವ ತಲೆನೋವಿಲ್ಲ. ಅಕ್ಟೋಬರಿನಲ್ಲಿ ಇದ್ದಕ್ಕಿದ್ದಂತೆ ಹಿಮ ಬಿದ್ದರೂ ಕಾರು ಸಿದ್ಧ. ನಮ್ಮ ಪರಿಚಯದ ಒಂದು ಕುಟುಂಬ ಇರುವ ಕಡೆ ಚಳಿಗಾಲದಲ್ಲಿ ಮಳೆ ಜಾಸ್ತಿ, ಹಿಮ ಅಪರೂಪ, ಬಿದ್ದರೂ ಒಂದೆರಡು ದಿನಕ್ಕೆ ಕರಗುತ್ತದೆ. ಅವರು ಆಲ್ ವೆದರ್ ಹಾಕಿಸಿಕೊಂಡು ಆರಾಮಾಗಿದ್ದಾರೆ. ಅಲ್ಲಿದ್ದರೆ ನಾನೂ ಅದನ್ನೇ ಹಾಕಿಸುತ್ತಿದ್ದೆ, ಎರಡು ಮಾತಿಲ್ಲ.

ನಮ್ಮಲ್ಲಿ ಹಾಗಲ್ಲ. ವಾರಗಟ್ಟಲೆ ಸೊನ್ನೆಯಿಂದ ಮೇಲೆ ಏಳುವುದೇ ಇಲ್ಲ. ಉಳಿದ ದಿನಗಳಲ್ಲಿ ಹಗಲು ಕರಗಿದ್ದು ರಾತ್ರಿ ಐಸ್ ಆಗುತ್ತದೆ. ಐಸಿನ ಮೇಲೆ ಆಲ್ ವೆದರ್ ಟೈರು ಒಳ್ಳೆಯ ವಿಂಟರ್ ಟೈರಿನ ಹತ್ತಿರ ಬರುವುದಿಲ್ಲ. ಹಿಮದಲ್ಲಿ ಬರಬಹುದು, ಐಸಿನಲ್ಲಿ ಇಲ್ಲ. ಆದರೂ ಗಂಡನ ಮಾತಿನಲ್ಲಿ ಒಂದು ಸತ್ಯ ಇತ್ತು. "ಅಂಥಾ ಐಸ್ ಇರೋದು ವರ್ಷದಲ್ಲಿ ಎಷ್ಟು ದಿನ? ಬೆರಳೆಣಿಕೆ. ಅಷ್ಟಕ್ಕೆ ಇನ್ನೊಂದು ಸೆಟ್ಟಾ?"

ತೀರ್ಮಾನವಾದದ್ದು ಈ ಪ್ರಶ್ನೆಯಲ್ಲೇ. ಅವರ ಕೆಲಸ ಮನೆಯಿಂದಲೇ ನಡೆಯುತ್ತದೆ. ರಸ್ತೆ ಕೆಟ್ಟಿದ್ದರೆ ಮಧ್ಯಾಹ್ನದವರೆಗೆ ಕಾಯುತ್ತಾರೆ, ಇಲ್ಲವಾದರೆ ನಾಳೆ ಹೋಗುತ್ತಾರೆ. ನನ್ನದು ಬೆಳಗಿನ ಪಾಳಿ. ಹಿಮ ಗೋರುವ ಲಾರಿ ನಮ್ಮ ಬೀದಿಗೆ ಬರುವ ಮೊದಲೇ ನಾನು ಹೊರಟಿರಬೇಕು. ರಾತ್ರಿ ಪಾಳಿಯವರು ನನ್ನ ದಾರಿ ಕಾಯುತ್ತಿರುತ್ತಾರೆ. ಆಸ್ಪತ್ರೆಯ ಹತ್ತಿರ ಒಂದು ಇಳಿಜಾರಿದೆ, ಕೆಳಗೇ ಸಿಗ್ನಲ್ಲು. ವರ್ಷದ ಸರಾಸರಿ ದಿನ ಹೇಗಿರುತ್ತದೆ ಅನ್ನುವುದು ನನಗೆ ಉಪಯೋಗಕ್ಕೆ ಬಾರದ ಲೆಕ್ಕ. ಮನೆಯಲ್ಲಿ ಕೂರಲು ಆಗದ ದಿನಗಳಲ್ಲಿ ಅತಿ ಕೆಟ್ಟ ದಿನ ಯಾವುದೋ, ನಾನು ಟೈರು ಕೊಳ್ಳಬೇಕಾದದ್ದು ಆ ದಿನಕ್ಕೆ. "ಹಿಮ ಬಿದ್ದ ದಿನ ನೀವು ಮನೇಲಿರಬಹುದು ರೀ. ನಾನು ಇರೋಕಾಗಲ್ಲ" ಅಂದೆ. ಅವರು ಮತ್ತೆ ಲೆಕ್ಕದ ಹಾಳೆ ತೆಗೆಯಲಿಲ್ಲ. ಎದ್ದು ಕಾರಿನ ಮ್ಯಾನುಯಲ್ ತಂದರು.

ಯಾರಾದರೂ ಸಲಹೆ ಕೇಳಿದರೆ ನಾನು ಈಗ ಮೊದಲು ಕೇಳುವುದು ಇದನ್ನೇ. ನಿಮ್ಮ ಕಾರು ಯಾವುದು ಅಂತಲ್ಲ. ಕೆಟ್ಟ ದಿನ ಬಂದರೆ ನೀವು ಮನೆಯಲ್ಲಿ ಉಳಿಯಬಲ್ಲಿರಾ ಅಂತ.

ವಿಂಟರ್ ಟೈರು ಅಂತ ಆದಮೇಲೆ ಕೆಲಸ ಮುಗಿಯಿತು ಅಂದುಕೊಂಡಿದ್ದೆವು. ನಿಜವಾದ ಕೆಲಸ ಅಲ್ಲಿಂದ ಶುರು. ನಮ್ಮ ಕಾರಿನ ಮೂಲ ಅಳತೆ 235/55 ಆರ್ 19. ಟೈರಿನ ಅಗಲ 235 ಮಿ.ಮೀ., ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇಕಡಾ 55, ರಿಮ್ಮಿನ ವ್ಯಾಸ 19 ಇಂಚು. ಇದೇ ಅಳತೆಯ ವಿಂಟರ್ ಟೈರು ತಂದು ಇರುವ ರಿಮ್ಮಿಗೇ ಹಾಕಿಸಬಹುದು. ಆದರೆ ಪ್ರತಿ ಸಲವೂ ಟೈರನ್ನು ರಿಮ್ಮಿನಿಂದ ಕಿತ್ತು ಹಾಕಬೇಕು, ಟೈರಿನ ಅಂಚಿಗೆ ಪೆಟ್ಟು, ಬ್ಯಾಲೆನ್ಸಿಂಗ್ ಮತ್ತೆ ಮತ್ತೆ. ಇನ್ನೊಂದು ದಾರಿ, ಚಳಿಗಾಲಕ್ಕೆಂದೇ ಬೇರೆ ರಿಮ್ಮು. ಹಾಗೆ ಮಾಡುವುದಾದರೆ ಚಿಕ್ಕ ರಿಮ್ಮಿಗೆ ಇಳಿಯುವುದು ಜಾಣತನ ಅಂತ ಟೈರು ಅಂಗಡಿಯವರು ಹೇಳಿದರು. 17 ಇಂಚಿನ ಟೈರುಗಳ ಆಯ್ಕೆ ಜಾಸ್ತಿ, ಖರ್ಚು ಕಡಿಮೆ. ಗೋಡೆ ಎತ್ತರ ಇರುವುದರಿಂದ ಹಿಮದಡಿ ಮುಚ್ಚಿಹೋದ ಗುಂಡಿಗೆ ಬಿದ್ದರೂ ರಿಮ್ಮು ಬಗ್ಗುವ ಸಂಭವ ಕಡಿಮೆ.

ಚಿಕ್ಕದಕ್ಕೆ ಇಳಿಯಬೇಕಾದರೆ ಚಕ್ರದ ಹೊರಗಿನ ಒಟ್ಟು ವ್ಯಾಸ ಬದಲಾಗಬಾರದು. ಬದಲಾದರೆ ಸ್ಪೀಡೋಮೀಟರ್ ತಪ್ಪು ತೋರಿಸುತ್ತದೆ, ಬ್ರೇಕ್ ತುಳಿದಾಗ ಚಕ್ರ ಸಿಕ್ಕಿಕೊಳ್ಳದಂತೆ ತಡೆಯುವ ಎಬಿಎಸ್‌ಗೂ ಗೊಂದಲ. ನಮ್ಮ 235/55 ಆರ್ 19ರ ವ್ಯಾಸ 741 ಮಿ.ಮೀ. 235/65 ಆರ್ 17ರದ್ದು 737. ವ್ಯತ್ಯಾಸ ಶೇಕಡಾ ಅರ್ಧದಷ್ಟು. ಲೆಕ್ಕ ಕೂಡಿತು. ಆದರೆ ಲೆಕ್ಕ ಕೂಡಿದ ಮಾತ್ರಕ್ಕೆ ಚಕ್ರ ಕೂರುವುದಿಲ್ಲ. ಎಸ್‌ಯುವಿಗಳ ಬ್ರೇಕು ದೊಡ್ಡದು. ಕೆಲವು ಮಾದರಿಗಳಲ್ಲಿ 17 ಇಂಚಿನ ರಿಮ್ಮು ಬ್ರೇಕ್ ಕ್ಯಾಲಿಪರಿಗೆ ತಗಲುತ್ತದೆ. ಮ್ಯಾನುಯಲ್ಲಿನಲ್ಲಿ ನಮ್ಮ ಮಾದರಿಗೆ ಒಪ್ಪುವ ಅಳತೆಗಳ ಪಟ್ಟಿ ಇತ್ತು, ಅದರಲ್ಲಿ 17 ಇತ್ತು, ಉಸಿರು ಬಿಟ್ಟೆವು. ಬೋಲ್ಟುಗಳ ನಡುವಿನ ದೂರ, ಮಧ್ಯದ ತೂತಿನ ಅಳತೆ, ರಿಮ್ಮು ಎಷ್ಟು ಒಳಕ್ಕೆ ಕೂರಬೇಕು ಅನ್ನುವುದು, ಇವಿಷ್ಟೂ ಹೊಂದಬೇಕು. ಇದನ್ನು ಗೊತ್ತಿದ್ದವರಿಗೇ ಬಿಟ್ಟೆವು.

ಅಳತೆಯ ಪಕ್ಕದಲ್ಲಿ ಇನ್ನೊಂದು ಅಂಕಿ, ಒಂದು ಅಕ್ಷರ ಇರುತ್ತದೆ. ಎಸ್‌ಯುವಿ ಇಟ್ಟುಕೊಂಡವರು ಇದನ್ನು ಕಡೆಗಣಿಸಬಾರದು. ನಮ್ಮ ಹಳೆಯ ಟೈರಿನ ಮೇಲೆ 105 ಅಂತಿತ್ತು. ಒಂದು ಟೈರು 925 ಕೆ.ಜಿ. ಹೊರಬಲ್ಲದು ಅಂತ ಅದರ ಅರ್ಥ. ಹೊಸದು 108, ಅಂದರೆ 1000 ಕೆ.ಜಿ. ಜಾಸ್ತಿ ಇದ್ದರೆ ತೊಂದರೆಯಿಲ್ಲ, ಕಡಿಮೆ ಇರಬಾರದು. ಅಕ್ಷರ ವೇಗದ್ದು. ಕ್ಯೂ ಅಂದರೆ ಗಂಟೆಗೆ 160 ಕಿ.ಮೀ., ಟಿ ಅಂದರೆ 190, ಎಚ್ ಅಂದರೆ 210. ವಿಂಟರ್ ಟೈರುಗಳಲ್ಲಿ ಈ ಅಕ್ಷರ ಮೂಲ ಟೈರಿಗಿಂತ ಕೆಳಗಿರುವುದು ಸಾಮಾನ್ಯ. ಐಸಿನ ಮೇಲೆ 190ರಲ್ಲಿ ಹೋಗುವ ಆಸೆ ನನಗಂತೂ ಇಲ್ಲ.

ಎರಡೇ ಟೈರು ಹಾಕಿಸೋಣವಾ ಅಂತ ಕೇಳುವವರು ಈಗಲೂ ಇದ್ದಾರೆ. ಬೇಡ. ಮುಂದೆ ಮಾತ್ರ ವಿಂಟರ್ ಹಾಕಿದರೆ ಬ್ರೇಕ್ ಹಿಡಿದಾಗ ಮುಂದಿನ ಚಕ್ರ ನಿಲ್ಲುತ್ತದೆ, ಹಿಂಭಾಗ ಮುಂದಕ್ಕೆ ಬರಲು ನೋಡುತ್ತದೆ, ಕಾರು ಗಿರಕಿ ಹೊಡೆಯುತ್ತದೆ. ಹಿಂದೆ ಮಾತ್ರ ಹಾಕಿದರೆ ಸ್ಟಿಯರಿಂಗ್ ತಿರುಗಿಸಿದರೂ ಕಾರು ನೇರ ಹೋಗುತ್ತದೆ. ನಾಲ್ಕೂ ಚಕ್ರಕ್ಕೆ ಪವರ್ ಹೋಗುವ ಗಾಡಿಯಲ್ಲಿ ಟೈರುಗಳ ವ್ಯಾಸ ಬೇರೆ ಬೇರೆಯಾದರೆ ಒಳಗಿನ ಗೇರುಗಳಿಗೂ ಪೆಟ್ಟು. ಹಾಕಿದರೆ ನಾಲ್ಕು, ಇಲ್ಲವಾದರೆ ಬೇಡ.

ಯಾವ ಮಾದರಿ ಅನ್ನುವುದಕ್ಕೆ ಜರ್ಮನಿಯ ವಾಹನ ಸವಾರರ ಸಂಘವಾದ ಎಡಿಎಸಿಯಂಥ ಸಂಸ್ಥೆಗಳು ವರ್ಷವರ್ಷ ಮಾಡುವ ಪರೀಕ್ಷೆಗಳನ್ನು ನೋಡಿದೆವು. ಅಲ್ಲಿ ಒಟ್ಟು ಅಂಕದ ಪಟ್ಟಿಯಲ್ಲಿ ಮೊದಲು ಬಂದದ್ದನ್ನು ಕೊಳ್ಳುವುದು ಸುಲಭ, ಆದರೆ ಒಟ್ಟು ಅಂಕದಲ್ಲಿ ಸದ್ದು, ಇಂಧನ, ಬಾಳಿಕೆ ಎಲ್ಲಾ ಸೇರಿರುತ್ತದೆ. ನಾನು ನೋಡಿದ್ದು ಎರಡೇ ಸಾಲು: ಐಸಿನ ಮೇಲೆ ಬ್ರೇಕು, ಒದ್ದೆ ರಸ್ತೆಯ ಮೇಲೆ ಬ್ರೇಕು. ಎರಡನೆಯದು ಯಾಕೆಂದರೆ ಐಸಿಗೆಂದೇ ಮಾಡಿದ ತುಂಬಾ ಮೆತ್ತಗಿನ ಟೈರುಗಳು ಮಳೆಯಲ್ಲಿ ದೂರ ಹೋಗಿ ನಿಲ್ಲುತ್ತವೆ. ಮಧ್ಯ ಯುರೋಪಿಗೆಂದು ಮಾಡಿದ ವಿಂಟರ್ ಟೈರುಗಳು ಇದಕ್ಕೆ ತದ್ವಿರುದ್ಧ. ಅವು ಮಳೆಯಲ್ಲಿ, ವೇಗದ ಹೆದ್ದಾರಿಯಲ್ಲಿ ಚೆನ್ನ, ಐಸಿನಲ್ಲಿ ಹಿಂದೆ. ಹೀಗೆ ವಿಂಟರ್ ಟೈರಿನಲ್ಲೇ ಎರಡು ಕುಲ ಇದೆ ಅನ್ನುವುದು ಅಂಗಡಿಯಲ್ಲಿ ಯಾರೂ ತಾವಾಗಿ ಹೇಳಲಿಲ್ಲ. ನಮ್ಮ ದಾರಿಗೆ ಐಸಿನ ಕುಲವೇ ಸರಿ ಅನ್ನಿಸಿತು.

ಹಾಕಿಸುವ ದಿನ ನಾನೇ ಹೋಗಿದ್ದೆ. ಟೈರಿನ ಪಕ್ಕ ಡಾಟ್ ಅನ್ನುವ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತದೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 3823 ಅಂದರೆ 2023ರ 38ನೇ ವಾರ ತಯಾರಾದದ್ದು. ನಾಲ್ಕನ್ನೂ ಓದಿ ನೋಡಿದೆ, ಅಂಗಡಿಯ ಹುಡುಗ ನಕ್ಕ, ನಗಲಿ ಬಿಡಿ. ತಿರುಗುವ ದಿಕ್ಕಿನ ಬಾಣ ಸರಿಯಾಗಿದೆಯಾ ಅಂತಲೂ ನೋಡಿದೆ. ಹೊಸ ರಿಮ್ಮಿಗೆ ಗಾಳಿಯ ಒತ್ತಡ ಅಳೆಯುವ ಸೆನ್ಸರ್ ಬೇಕಾಗಿತ್ತು. ಕೆಲವು ಕಾರುಗಳಲ್ಲಿ ಚಕ್ರದೊಳಗೆ ಸೆನ್ಸರ್ ಇರುತ್ತದೆ, ಇನ್ನು ಕೆಲವು ಚಕ್ರ ತಿರುಗುವ ವೇಗ ನೋಡಿಯೇ ಗಾಳಿ ಕಡಿಮೆಯಾದದ್ದನ್ನು ಊಹಿಸುತ್ತವೆ. ಎರಡನೆಯ ಜಾತಿಯಾದರೆ ಒಂದು ಬಟನ್ ಒತ್ತಿ ರೀಸೆಟ್ ಮಾಡಿದರೆ ಆಯಿತು. ನಮ್ಮದು ಮೊದಲನೆಯದು. ಸೆನ್ಸರ್ ಹಾಕಿಸದಿದ್ದರೆ ಚಳಿಗಾಲವಿಡೀ ಡ್ಯಾಶ್‌ಬೋರ್ಡಿನಲ್ಲಿ ದೀಪ ಉರಿಯುತ್ತಿರುತ್ತದೆ. ಉರಿಯುತ್ತಲೇ ಇರುವ ದೀಪವನ್ನು ಮನುಷ್ಯ ನೋಡುವುದನ್ನೇ ಬಿಡುತ್ತಾನೆ. ಹಾಕಿಸಿಬಿಟ್ಟೆವು.

ಗಾಳಿಯ ಬಗ್ಗೆ ಒಂದು ಮಾತು. ತಾಪಮಾನ 5-6 ಡಿಗ್ರಿ ಇಳಿದರೆ ಟೈರಿನ ಒತ್ತಡ ಸುಮಾರು 1 ಪಿಎಸ್‌ಐ ಇಳಿಯುತ್ತದೆ. 20 ಡಿಗ್ರಿಯ ಬೆಚ್ಚಗಿನ ಗ್ಯಾರೇಜಿನಲ್ಲಿ ಸರಿಯಾಗಿ ತುಂಬಿಸಿಕೊಂಡು ಬಂದ ಕಾರು ಮೈನಸ್ 15ರಲ್ಲಿ ರಾತ್ರಿ ನಿಂತರೆ ಬೆಳಿಗ್ಗೆ 6 ಪಿಎಸ್‌ಐ ಕಡಿಮೆ. ಗಾಳಿ ಸೋರಿದ್ದಲ್ಲ, ಕುಗ್ಗಿದ್ದು. ಹಾಗಾಗಿ ಹೊರಗೆ ನಿಂತು ತಣ್ಣಗಾದ ಟೈರಿನಲ್ಲೇ ಅಳೆಯಬೇಕು, ಡ್ರೈವರ್ ಬಾಗಿಲಿನ ಅಂಚಿನ ಸ್ಟಿಕ್ಕರಿನಲ್ಲಿರುವ ಅಂಕಿಗೆ ತುಂಬಬೇಕು. ಟೈರಿನ ಮೇಲೆ ಅಚ್ಚಾಗಿರುವುದು ಅದು ತಡೆಯಬಲ್ಲ ಗರಿಷ್ಠ ಒತ್ತಡ, ಅದಕ್ಕೆ ತುಂಬುವುದಲ್ಲ. ಚಕ್ರ ಹಾಕಿಸಿ 50-100 ಕಿ.ಮೀ. ಓಡಿದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಟಾರ್ಕ್ ರೆಂಚಿನಿಂದ (ಎಷ್ಟು ಬಿಗಿಯಾಗಿದೆ ಅಂತ ಅಳೆಯುವ ಸ್ಪ್ಯಾನರ್) ನೋಡಬೇಕು. ಇದನ್ನು ಗಂಡ ವಹಿಸಿಕೊಂಡರು, ಬಹಳ ಖುಷಿಯಿಂದ. ಹೊಸ ಸಲಕರಣೆ ಕೊಳ್ಳಲು ಅವರಿಗೊಂದು ನೆಪ ಸಿಕ್ಕಿತ್ತು.

ಓಡಿಸಿದಾಗ ಹೇಗಿತ್ತು? ಒಣ ರಸ್ತೆಯಲ್ಲಿ ನನಗೆ ಇಷ್ಟವಾಗಲಿಲ್ಲ, ನಿಜ ಹೇಳಬೇಕೆಂದರೆ. ಸ್ಟಿಯರಿಂಗ್ ತಿರುಗಿಸಿದರೆ ಕಾರು ಒಂದು ಕ್ಷಣ ಯೋಚನೆ ಮಾಡಿ ತಿರುಗಿದ ಹಾಗೆ. ಗೋಡೆ ಎತ್ತರ, ರಬ್ಬರು ಮೆತ್ತಗೆ, ಹಾಗಾಗದೆ ಇನ್ನೇನು. ಹೆದ್ದಾರಿಯಲ್ಲಿ ಸಣ್ಣದೊಂದು ಗುಂಯ್ ಸದ್ದು. ಪೆಟ್ರೋಲು ಸ್ವಲ್ಪ ಜಾಸ್ತಿಯೇ ಕುಡಿಯಿತು, ಆದರೆ ಚಳಿಗೆ ಎಂಜಿನ್ನೂ ಜಾಸ್ತಿ ಕುಡಿಯುತ್ತದೆ, ಯಾರ ಪಾಲು ಎಷ್ಟು ಅಂತ ಬೇರೆ ಮಾಡಿ ಹೇಳಲಾರೆ.

ಹಿಮ ಬಿದ್ದ ಮೇಲೆ ಮಾತೇ ಬೇರೆ. ಹೊರಡುವುದರಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ, ಮೊದಲೂ ಹೊರಡುತ್ತಿತ್ತು. ಬ್ರೇಕಿನಲ್ಲಿ ಕಂಡಿತು. ಹಳೆಯ ಟೈರಿನಲ್ಲಿ ಆ ಇಳಿಜಾರಿನಲ್ಲಿ ಪೆಡಲ್ ಕಾಲಿಗೆ ಗಡಗಡ ಒದೆಯುತ್ತಿತ್ತು, ಎಬಿಎಸ್ ಕೆಲಸ ಮಾಡುತ್ತಲೇ ಇತ್ತು, ಕಾರು ಮಾತ್ರ ನಿಧಾನವಾಗಿ ಜಾರುತ್ತಿತ್ತು. ಈಗ ಆ ಒದೆತ ಶುರುವಾಗುವುದೇ ಅಪರೂಪ. ಎಬಿಎಸ್ ಹಿಡಿತವನ್ನು ಹುಟ್ಟಿಸುವುದಿಲ್ಲ, ಇರುವ ಹಿಡಿತವನ್ನು ಹಂಚಿ ಬಳಸುತ್ತದೆ ಅಷ್ಟೇ ಅನ್ನುವುದು ಕಾಲಿಗೇ ಅರ್ಥವಾಯಿತು. ಆದರೂ ಒದ್ದೆ ಐಸಿನ ಮೇಲೆ ಇದೂ ಜಾರುತ್ತದೆ. ಖಾಲಿ ಪಾರ್ಕಿಂಗ್ ಜಾಗದಲ್ಲಿ ಬೇಕೆಂದೇ ಬ್ರೇಕ್ ತುಳಿದು ನೋಡಿದೆ. ಎಲ್ಲಿಂದ ಜಾರಲು ಶುರುವಾಗುತ್ತದೆ ಅನ್ನುವುದು ಗೊತ್ತಿರಲಿ ಅಂತ. ಹೊಸ ಟೈರು ಹಾಕಿಸಿದ ಎಲ್ಲರೂ ಇದನ್ನು ಒಮ್ಮೆ ಮಾಡುವುದು ಒಳ್ಳೆಯದು.

ವಸಂತದಲ್ಲಿ ತೆಗೆಸುವಾಗ ಆತುರ ಬೇಡ, ತೀರಾ ತಡವೂ ಬೇಡ. ಬಿಸಿ ಡಾಂಬರಿನ ಮೇಲೆ ಈ ಮೆತ್ತಗಿನ ರಬ್ಬರು ಬೇಗ ಸವೆಯುತ್ತದೆ. ತೆಗೆದ ಚಕ್ರಗಳ ಮೇಲೆ ಚಾಕ್‌ಪೀಸಿನಿಂದ ಮುಂದಿನ ಎಡ, ಹಿಂದಿನ ಬಲ ಅಂತ ಬರೆದುಕೊಂಡೆವು, ಮುಂದಿನ ವರ್ಷ ಹಿಂದುಮುಂದು ಬದಲಿಸಲು. ರಿಮ್ಮಿನ ಸಮೇತ ಇರುವುದರಿಂದ ಒಂದರ ಮೇಲೊಂದು ಮಲಗಿಸಿಡಬಹುದು. ರಿಮ್ಮಿಲ್ಲದ ಬರಿಯ ಟೈರಾದರೆ ನೆಟ್ಟಗೆ ನಿಲ್ಲಿಸಬೇಕು. ಬಿಸಿಲು ಬೀಳದ, ತಣ್ಣನೆಯ ಜಾಗ ಬೇಕು. ಓಝೋನ್ ಹೊಮ್ಮಿಸುವ ವಿದ್ಯುತ್ ಮೋಟರುಗಳ ಪಕ್ಕ ಇಡಬಾರದು, ರಬ್ಬರು ಬಿರುಕು ಬಿಡುತ್ತದೆ.

ಎರಡು ಸೆಟ್ಟಿನಿಂದ ಖರ್ಚು ಎರಡು ಪಟ್ಟಾಗುತ್ತದೆ ಅನ್ನುವ ಮಾತು ಪೂರ್ತಿ ಸರಿಯಲ್ಲ. ಒಂದು ಓಡುವಾಗ ಇನ್ನೊಂದು ಸವೆಯುವುದಿಲ್ಲ. ಜಾಸ್ತಿಯಾದದ್ದು ರಿಮ್ಮಿನ ಮತ್ತು ಬದಲಿಸುವ ಖರ್ಚು. ಅದನ್ನು ಗಂಡ ಈಗಲೂ ಆಗಾಗ ನೆನಪಿಸುತ್ತಾರೆ.

ಈಗ ಗಮನ ಇಟ್ಟಿರುವುದು ಸವೆತದ ಮೇಲೆ. ಎಷ್ಟೋ ದೇಶಗಳ ಕಾನೂನಿನಲ್ಲಿ ಟೈರಿನ ಗೆರೆಯ ಆಳ 1.6 ಮಿ.ಮೀ. ಇದ್ದರೆ ಸಾಕು. ಹಿಮಕ್ಕೆ ಅದು ಏನೇನೂ ಸಾಲದು. ಆಸ್ಟ್ರಿಯಾದಲ್ಲಿ 4 ಮಿ.ಮೀ.ಗಿಂತ ಕೆಳಗಿಳಿದ ರೇಡಿಯಲ್ ಟೈರನ್ನು (ಈಗಿನ ಕಾರುಗಳಲ್ಲಿ ಸಾಮಾನ್ಯವಾಗಿ ಇರುವ ಬಗೆ) ವಿಂಟರ್ ಟೈರೆಂದು ಪರಿಗಣಿಸುವುದಿಲ್ಲ. ನಾವೂ ಆ ಅಂಕಿಯನ್ನೇ ಇಟ್ಟುಕೊಂಡಿದ್ದೇವೆ. 4ಕ್ಕೆ ಇಳಿದ ಮೇಲೆ ಉಳಿದದ್ದನ್ನು ಒಂದು ಬೇಸಿಗೆಯಲ್ಲಿ ಓಡಿಸಿ ಸವೆಸಿಬಿಡಿ ಅಂತ ಹೇಳುವವರಿದ್ದಾರೆ. ನಾನು ಹಾಗೆ ಮಾಡುವುದಿಲ್ಲ. ಬಿಸಿ ರಸ್ತೆಯ ಮೇಲೆ ಆ ಟೈರಿಗೂ ನಿಲ್ಲಲು ದೂರ ಜಾಸ್ತಿ ಬೇಕು.